ಟೈಮ್‌ಲೈನ್ ತಡವರಿಸಿದರೆ ಯಾವ ದಾರಿ: ಪ್ರಾಕ್ಸಿಯೋ, ಕ್ಯಾಶೋ, ಹೊಸ ಎಸ್‌ಎಸ್‌ಡಿಯೋ?

ಎಡಿಟಿಂಗ್‌ನಲ್ಲಿ ವಿಡಿಯೋ ಸ್ಟಕ್ ಆಗುತ್ತಿದೆ ಎಂದರೆ ಸಿಗುವ ಮೊದಲ ಸಲಹೆ ‘ಗ್ರಾಫಿಕ್ಸ್ ಕಾರ್ಡ್ ಹಾಕ್ಸಿ’. ಶಿರಸಿ, ಕುಮಟಾ, ಹೊನ್ನಾವರ, ಕಾರವಾರದ ಕಡೆ ಎಡಿಟಿಂಗ್ ಟೇಬಲ್ಲಿಗೆ ಬರುವ ಸರಕೆಂದರೆ ಮದುವೆ, ಉಪನಯನ, ರಾತ್ರಿಯಿಡೀ ನಡೆಯುವ ಯಕ್ಷಗಾನದ ಆಟ, ಹೋಮ್‌ಸ್ಟೇಗಳ ಡ್ರೋನ್ ವಿಡಿಯೋ. ಇವುಗಳ ಮಟ್ಟಿಗೆ ಆ ಸಲಹೆ ಹೆಚ್ಚಿನ ಸಲ ದುಡ್ಡು ದಂಡ. ಪ್ಲೇಬ್ಯಾಕ್ ನಿಧಾನವಾಗಲು ಬೇರೆ ಬೇರೆ ಕಾರಣಗಳಿವೆ. ಅಡಕವಾಗಿರುವ ಫೈಲ್ ಬಿಚ್ಚಲಾಗದೆ (ಡಿಕೋಡ್ ಆಗದೆ) ನಿಲ್ಲಬಹುದು, ಡಿಸ್ಕ್ ಹೊತ್ತಿಗೆ ಸರಿಯಾಗಿ ಡೇಟಾ ಕೊಡದೆ ನಿಲ್ಲಬಹುದು, ಎಫೆಕ್ಟಿನ ಲೆಕ್ಕ ಮುಗಿಯದೆ ನಿಲ್ಲಬಹುದು. ಒಂದಕ್ಕೆ ಆಗುವ ಮದ್ದು ಇನ್ನೊಂದಕ್ಕೆ ಆಗುವುದಿಲ್ಲ, ಕೆಲವೊಮ್ಮೆ ಉಲ್ಬಣವೂ ಆಗುತ್ತದೆ.

ಎಲ್ಲಿ ಸಿಕ್ಕಿಕೊಂಡಿದೆ ಎಂದು ಹತ್ತು ನಿಮಿಷದಲ್ಲಿ ತಿಳಿಯುವುದು

ಹೊಸ ಟೈಮ್‌ಲೈನ್ ಮಾಡಿ, ತಡವರಿಸುವ ಕ್ಲಿಪ್ ಒಂದನ್ನೇ ಹಾಕಿ. ಎಫೆಕ್ಟ್, ಕಲರ್, ಟೈಟಲ್ ಏನೂ ಬೇಡ. ಪ್ಲೇ ಮಾಡುತ್ತಲೇ ಟಾಸ್ಕ್ ಮ್ಯಾನೇಜರಿನ ಪರ್ಫಾರ್ಮೆನ್ಸ್ ಪುಟ ತೆರೆದು ನೋಡಿ.

ಬರೀ ಕ್ಲಿಪ್ ಕೂಡ ತಡವರಿಸಿದರೆ ಅದನ್ನು ಕಂಪ್ಯೂಟರಿನ ಒಳಗಿನ ಎಸ್‌ಎಸ್‌ಡಿಗೆ ಕಾಪಿ ಮಾಡಿ ಮತ್ತೆ ಓಡಿಸಿ. ಈಗ ಸರಾಗವಾಗಿ ಓಡಿದರೆ ತಪ್ಪು ಹಾರ್ಡ್ ಡಿಸ್ಕಿನದು ಅಥವಾ ಕೇಬಲ್ಲಿನದು. ಇಲ್ಲಿಯೂ ತಡವರಿಸಿ, ಪ್ರೊಸೆಸರ್ 100 ಪ್ರತಿಶತಕ್ಕೆ ಏರಿ, ಜಿಪಿಯು (ಗ್ರಾಫಿಕ್ಸ್ ಚಿಪ್) ಭಾಗದ ‘ವಿಡಿಯೋ ಡಿಕೋಡ್’ ಗೆರೆ ಏಳದೆ ಮಲಗಿದ್ದರೆ ಫೈಲ್ ಬಿಚ್ಚುವ ಕೆಲಸಕ್ಕೆ ಹಾರ್ಡ್‌ವೇರಿನ ಸಹಾಯ ಸಿಗುತ್ತಿಲ್ಲ ಎಂದರ್ಥ. ಬರೀ ಕ್ಲಿಪ್ ಚೆನ್ನಾಗಿ ಓಡಿ, ಕಲರ್ ಮಾಡಿದ್ದು ಮಾತ್ರ ತಡವರಿಸಿದರೆ ಎಫೆಕ್ಟಿನ ಭಾರ. ಮೊದಲ ಹತ್ತು ಹದಿನೈದು ನಿಮಿಷ ಎಲ್ಲ ಸರಿಯಿದ್ದು ಆಮೇಲೆ ಜಗ್ಗಲು ಶುರುವಾದರೆ ಶಾಖ. ಏಪ್ರಿಲ್–ಮೇ ತಿಂಗಳ ಕರಾವಳಿ ಸೆಕೆಯಲ್ಲಿ, ಧೂಳು ತುಂಬಿದ ಫ್ಯಾನಿನ ಲ್ಯಾಪ್‌ಟಾಪ್ ತನ್ನನ್ನು ಕಾಪಾಡಿಕೊಳ್ಳಲು ವೇಗ ಇಳಿಸುತ್ತದೆ. ಯಾವ ಸೆಟ್ಟಿಂಗ್ ಬದಲಿಸಿದರೂ ಅದಕ್ಕೆ ಪರಿಹಾರವಿಲ್ಲ.

ಕಣ್ಣಂದಾಜು ಬೇಡವೆಂದರೆ ಎಡಿಟಿಂಗ್ ತಂತ್ರಾಂಶ ಪ್ರೀಮಿಯರ್ ಪ್ರೋದಲ್ಲಿ ಪ್ರೋಗ್ರಾಮ್ ಮಾನಿಟರಿನ ಸ್ಪ್ಯಾನರ್ ಗುರುತು ಒತ್ತಿ ‘ಶೋ ಡ್ರಾಪ್ಡ್ ಫ್ರೇಮ್ ಇಂಡಿಕೇಟರ್’ ಆನ್ ಮಾಡಿ. ಹಸಿರು ಚುಕ್ಕೆ ಹಳದಿಯಾದರೆ ಫ್ರೇಮ್ ಬಿದ್ದಿದೆ. ಇನ್ನೊಂದು ಎಡಿಟಿಂಗ್ ತಂತ್ರಾಂಶವಾದ ಡಾವಿಂಚಿ ರಿಸಾಲ್ವ್‌ನಲ್ಲಿ ವ್ಯೂವರಿನ ಮೇಲೆ ಚುಕ್ಕೆಯ ಜೊತೆ ಆ ಕ್ಷಣದ ಫ್ರೇಮ್ ದರವೇ ಕಾಣುತ್ತದೆ. 25 ಇರಬೇಕಾದಲ್ಲಿ 11 ಎಂದು ಕೆಂಪಾಗಿ ತೋರಿಸಿದರೆ ಮತ್ತೆ ಸಾಕ್ಷಿ ಬೇಕಿಲ್ಲ.

ಮೂರರಲ್ಲಿ ಯಾವುದೂ ಅಲ್ಲದ ಇನ್ನೊಂದಿದೆ. ಪ್ರೊಸೆಸರ್, ಡಿಸ್ಕ್, ಜಿಪಿಯು ಎಲ್ಲ ಆರಾಮಾಗಿದ್ದೂ ಚಲನೆ ಕುಂಟುತ್ತದೆ. ಒಂದು ನಿಮಿಷ ಎಕ್ಸ್‌ಪೋರ್ಟ್ ಮಾಡಿ ನೋಡಿ. ಎಕ್ಸ್‌ಪೋರ್ಟ್ ಆದ ಫೈಲಿನಲ್ಲೂ ಕುಂಟಿದರೆ ಅದು ವೇಗದ ಸಮಸ್ಯೆ ಅಲ್ಲವೇ ಅಲ್ಲ. 30 ಫ್ರೇಮಿನ ಮೊಬೈಲ್ ವಿಡಿಯೋವನ್ನು 25ರ ಟೈಮ್‌ಲೈನಿಗೆ ಹಾಕಿರಬಹುದು, ಇಲ್ಲವೇ ಮೊಬೈಲ್ ಬೆಳಕಿಗೆ ತಕ್ಕಂತೆ ಫ್ರೇಮ್ ದರವನ್ನೇ ಏರಿಳಿಸಿ ರೆಕಾರ್ಡ್ ಮಾಡಿರಬಹುದು. ಮೀಡಿಯಾಇನ್ಫೋ ಎಂಬ ಉಚಿತ ತಂತ್ರಾಂಶದಲ್ಲಿ ಫೈಲ್ ತೆರೆದರೆ ‘ಫ್ರೇಮ್ ರೇಟ್ ಮೋಡ್’ ಎದುರು ‘ವೇರಿಯಬಲ್’ ಎಂದಿರುತ್ತದೆ. ಆಟದ ವಿಡಿಯೋದಲ್ಲಿ ಇದು ಬೇಗ ಬಯಲಾಗುತ್ತದೆ: ಪ್ರತ್ಯೇಕ ರೆಕಾರ್ಡರಿನ ಧ್ವನಿ ಜೋಡಿಸಿದಾಗ ಶುರುವಿಗೆ ಸರಿಯಿದ್ದ ಚೆಂಡೆಯ ಪೆಟ್ಟು, ಅರ್ಧ ಗಂಟೆ ಕಳೆಯುವಷ್ಟರಲ್ಲಿ ಕೋಲು ಚರ್ಮ ಮುಟ್ಟುವ ಮೊದಲೇ ಕೇಳತೊಡಗುತ್ತದೆ. ಇದಕ್ಕೆ ಪ್ರಾಕ್ಸಿ (ಮೂಲ ಫೈಲಿನ ಹಗುರ ಪ್ರತಿ) ಮಾಡಿ ಪ್ರಯೋಜನವಿಲ್ಲ. ಹ್ಯಾಂಡ್‌ಬ್ರೇಕ್ ಎಂಬ ವಿಡಿಯೋ ಬದಲಿಸುವ ತಂತ್ರಾಂಶದಲ್ಲಿ ‘ಕಾನ್‌ಸ್ಟಂಟ್ ಫ್ರೇಮ್‌ರೇಟ್’ ಆರಿಸಿ ಹೊಸ ಫೈಲ್ ತೆಗೆದು, ಅದನ್ನೇ ಮೂಲವೆಂದು ಇಟ್ಟುಕೊಂಡು ಮುಂದುವರಿಯಬೇಕು.

ಕ್ಯಾಮೆರಾ ಫೈಲ್ ಯಾಕಿಷ್ಟು ಭಾರ

ಕ್ಯಾಮೆರಾಗಳು ವಿಡಿಯೋ ಅಡಕ ಮಾಡಿ ಬರೆಯುವ ಎಚ್.264, ಎಚ್.265 ಫೈಲ್ ಗಾತ್ರದಲ್ಲಿ ಸಣ್ಣದು, ಬಿಚ್ಚಲು ಕಷ್ಟದ್ದು. ಅದರಲ್ಲಿ ಪೂರ್ತಿ ಚಿತ್ರವಿರುವ ಫ್ರೇಮ್ ಆಗೊಮ್ಮೆ ಈಗೊಮ್ಮೆ ಬರುತ್ತದೆ. ನಡುವಿನವೆಲ್ಲ ಹಿಂದು–ಮುಂದಿನ ಫ್ರೇಮಿಗಿಂತ ಏನು ಬದಲಾಯಿತು ಎಂಬ ಲೆಕ್ಕ ಮಾತ್ರ. ನೀವು ಟೈಮ್‌ಲೈನಿನ ನಡುವೆ ಎಲ್ಲೋ ಕ್ಲಿಕ್ ಮಾಡಿದಾಗ ತಂತ್ರಾಂಶ ಹಿಂದಿನ ಪೂರ್ತಿ ಫ್ರೇಮಿಗೆ ಹೋಗಿ ಅಲ್ಲಿಂದ ಲೆಕ್ಕ ಮಾಡುತ್ತಾ ಬರಬೇಕು. ‘ಜೆ’ ಕೀ ಒತ್ತಿ ಹಿಂದಕ್ಕೆ ಓಡಿಸುವಾಗ ಯಂತ್ರ ಏದುಸಿರು ಬಿಡುವುದು ಈ ಕಾರಣಕ್ಕೇ. ಅದೇ ಫೈಲ್ ವಿಎಲ್‌ಸಿಯಲ್ಲಿ ಚೆನ್ನಾಗಿ ಓಡುತ್ತದಲ್ಲ ಎಂಬ ತಕರಾರಿಗೂ ಇದೇ ಉತ್ತರ. ವಿಎಲ್‌ಸಿ ಒಂದೇ ಫೈಲನ್ನು ಒಂದೇ ದಿಕ್ಕಿನಲ್ಲಿ ಓಡಿಸುತ್ತದೆ.

ಇದರ ಮೇಲೆ ಬಣ್ಣದ ವಿವರ ಹೆಚ್ಚಾಗಿ ಹಿಡಿದಿಡುವ 10 ಬಿಟ್ 4:2:2 ಸೇರಿದರೆ ಕತೆ ಮುಗಿಯಿತು. ಈಗಿನ ಮಿರರ್‌ಲೆಸ್ ಕ್ಯಾಮೆರಾಗಳು ಲಾಗ್ (ಆಮೇಲೆ ಬಣ್ಣ ತಿದ್ದಲೆಂದು ಪೇಲವವಾಗಿ ತೆಗೆಯುವ ಪ್ರೊಫೈಲ್) ಹಾಕಿದಾಗ ಹೆಚ್ಚಾಗಿ ಇದನ್ನೇ ಬರೆಯುತ್ತವೆ. ಎನ್‌ವಿಡಿಯಾದ ಆರ್‌ಟಿಎಕ್ಸ್ 50 ಸರಣಿಗಿಂತ ಹಿಂದಿನ ಕಾರ್ಡುಗಳು 4:2:2 ಅನ್ನು ಹಾರ್ಡ್‌ವೇರಿನಲ್ಲಿ ಬಿಚ್ಚುವುದಿಲ್ಲ. ಇಂಟೆಲ್‌ನ 11ನೇ ತಲೆಮಾರು ಮತ್ತು ಆಮೇಲಿನ ಪ್ರೊಸೆಸರುಗಳ ಒಳಗಿನ ಗ್ರಾಫಿಕ್ಸ್ ಎಚ್.265ರ 4:2:2 ಬಿಚ್ಚುತ್ತದೆ. ಹೆಸರಿನ ಕೊನೆಗೆ ‘ಎಫ್’ ಇರುವ ಇಂಟೆಲ್ ಪ್ರೊಸೆಸರಿನಲ್ಲಿ ಆ ಒಳಗಿನ ಗ್ರಾಫಿಕ್ಸೇ ಇರುವುದಿಲ್ಲ. ಒಂದೆರಡು ಸಾವಿರ ಉಳಿತಾಯವೆಂದು ಅಂಗಡಿಯವರು ಅದನ್ನೇ ಜೋಡಿಸಿ ಕೊಟ್ಟಿರುವುದುಂಟು, ಬಿಲ್ ತೆಗೆದು ನೋಡಿ. ರಿಸಾಲ್ವ್‌ನ ಪ್ರಿಫರೆನ್ಸಸ್‌ನಲ್ಲಿ ಸಿಸ್ಟಮ್, ಅದರೊಳಗೆ ಡಿಕೋಡ್ ಆಪ್ಷನ್ಸ್ ತೆರೆದರೆ ನಿಮ್ಮ ಯಂತ್ರಕ್ಕೆ, ನಿಮ್ಮ ಆವೃತ್ತಿಗೆ ಯಾವ ಬಾಗಿಲು ತೆರೆದಿದೆ ಎಂದು ಅಲ್ಲೇ ಕಾಣುತ್ತದೆ. ಉಚಿತ ಆವೃತ್ತಿಯಲ್ಲಿ ಸ್ಟುಡಿಯೋ ಆವೃತ್ತಿಗಿಂತ ಸೌಲಭ್ಯ ಕಡಿಮೆ.

ಪ್ಲೇಬ್ಯಾಕ್ ರೆಸಲ್ಯೂಶನ್ ಇಳಿಸುವುದು

ಖರ್ಚಿಲ್ಲ, ಕಾಯುವುದಿಲ್ಲ. ಪ್ರೀಮಿಯರ್‌ನಲ್ಲಿ ಮಾನಿಟರಿನ ಕೆಳಗೆ ಫುಲ್ ಎಂದಿರುವುದನ್ನು 1/2 ಅಥವಾ 1/4 ಮಾಡಿ, ಸ್ಪ್ಯಾನರ್ ಮೆನುವಿನಲ್ಲಿ ‘ಹೈ ಕ್ವಾಲಿಟಿ ಪ್ಲೇಬ್ಯಾಕ್’ ಆಫ್ ಮಾಡಿ. ರಿಸಾಲ್ವ್‌ನಲ್ಲಿ ಪ್ಲೇಬ್ಯಾಕ್ ಮೆನುವಿನ ಟೈಮ್‌ಲೈನ್ ಪ್ರಾಕ್ಸಿ ರೆಸಲ್ಯೂಶನ್ ಹಾಫ್. ಎಫೆಕ್ಟಿನ ಭಾರವಿದ್ದರೆ ಕೂಡಲೇ ಗುಣ ಕಾಣುತ್ತದೆ.

ಫೈಲ್ ಬಿಚ್ಚುವ ಭಾರವಿದ್ದರೆ ಮಾತ್ರ ಇದು ಹೆಸರಿಗಷ್ಟೇ. ಎಚ್.264 ಫ್ರೇಮನ್ನು ಪೂರ್ತಿ ಬಿಚ್ಚಿದ ಮೇಲೆಯೇ ಸಣ್ಣದು ಮಾಡಲು ಸಾಧ್ಯ, ಬಿಚ್ಚುವ ಕೆಲಸ ಅಷ್ಟೇ ಉಳಿಯುತ್ತದೆ. 1/4ಕ್ಕೆ ಇಳಿಸಿದರೂ ವ್ಯತ್ಯಾಸವಾಗಲಿಲ್ಲ ಎನ್ನುವವರ ಫೈಲ್ ನೋಡಿದರೆ ಸಾಮಾನ್ಯವಾಗಿ 10 ಬಿಟ್ ಎಚ್.265 ಇರುತ್ತದೆ.

ಪ್ರಾಕ್ಸಿ

ಈ ಕಡೆಯ ಹೆಚ್ಚಿನ ಕೆಲಸಕ್ಕೆ ನಾವು ಮೊದಲು ಹೇಳುವುದು ಇದನ್ನೇ. ಮೂಲ ಫೈಲಿನ ಸಣ್ಣ ಪ್ರತಿ ಮಾಡಿ, ಅದರ ಮೇಲೆ ಕತ್ತರಿಸಿ, ಎಕ್ಸ್‌ಪೋರ್ಟ್ ಮೂಲದಿಂದ ತೆಗೆಯುವುದು.

ಜಾಗದ ಲೆಕ್ಕ ಮೊದಲು. ರಾತ್ರಿ ಹತ್ತಕ್ಕೆ ಶುರುವಾಗಿ ಬೆಳಗಿನ ಆರಕ್ಕೆ ಮುಗಿಯುವ ಆಟವನ್ನು ಎರಡು ಕ್ಯಾಮೆರಾದಲ್ಲಿ ತೆಗೆದರೆ ಒಟ್ಟು 16 ಗಂಟೆ. ಕ್ಯಾಮೆರಾ 100 ಎಂಬಿಪಿಎಸ್‌ನಲ್ಲಿ 4ಕೆ ಬರೆದರೆ ಗಂಟೆಗೆ 45 ಜಿಬಿ, ಒಟ್ಟು 720 ಜಿಬಿ. ಇದಕ್ಕೆ 25 ಫ್ರೇಮಿನ 1080ಪಿ ಪ್ರೋರೆಸ್ ಪ್ರಾಕ್ಸಿ (ಸುಲಭವಾಗಿ ಬಿಚ್ಚುವ ಪ್ರೋರೆಸ್ ಮಾದರಿಯ ಹಗುರ ರೂಪ) ಮಾಡಿದರೆ ಗಂಟೆಗೆ ಸುಮಾರು 17 ಜಿಬಿ, ಒಟ್ಟು 270ರ ಆಸುಪಾಸು. 720ಪಿಗೆ ಇಳಿಸಿದರೆ ಗಂಟೆಗೆ 7ರಿಂದ 8, ಒಟ್ಟು ಸುಮಾರು 120. ಇಡೀ ಫೈಲನ್ನೇ 4ಕೆ ಪ್ರೋರೆಸ್ 422ಕ್ಕೆ ಬದಲಿಸಿದರೆ ಗಂಟೆಗೆ ಸುಮಾರು 220 ಜಿಬಿ, 16 ಗಂಟೆಗೆ ಮೂರೂವರೆ ಟೆರಾಬೈಟ್. ಆಟದ ವಿಡಿಯೋಗೆ ಯಾವುದು ಸರಿ ಎಂಬ ಚರ್ಚೆ ಈ ಅಂಕೆಗಳಲ್ಲೇ ಮುಗಿಯುತ್ತದೆ.

ಪ್ರೀಮಿಯರ್‌ನಲ್ಲಿ ಪ್ರಾಜೆಕ್ಟ್ ಪ್ಯಾನೆಲಿನಲ್ಲಿ ಕ್ಲಿಪ್‌ಗಳನ್ನು ಆರಿಸಿ ರೈಟ್ ಕ್ಲಿಕ್, ಪ್ರಾಕ್ಸಿ, ಕ್ರಿಯೇಟ್ ಪ್ರಾಕ್ಸಿಸ್. ಕೆಲಸ ಮೀಡಿಯಾ ಎನ್‌ಕೋಡರಿಗೆ ಹೋಗುತ್ತದೆ. ಮುಗಿದ ಮೇಲೆ ಮಾನಿಟರಿನ ‘+’ ಒತ್ತಿ ‘ಟಾಗಲ್ ಪ್ರಾಕ್ಸಿಸ್’ ಗುಂಡಿಯನ್ನು ಕೆಳಗೆ ಎಳೆದಿಡಿ; ಅದು ನೀಲಿಯಾಗಿದ್ದಾಗ ನೋಡುತ್ತಿರುವುದು ಪ್ರಾಕ್ಸಿ. ರಿಸಾಲ್ವ್‌ನಲ್ಲಿ ಮೀಡಿಯಾ ಪೂಲ್‌ನಲ್ಲಿ ರೈಟ್ ಕ್ಲಿಕ್ ಮಾಡಿ ‘ಜನರೇಟ್ ಪ್ರಾಕ್ಸಿ ಮೀಡಿಯಾ’, ಆಮೇಲೆ ಪ್ಲೇಬ್ಯಾಕ್ ಮೆನುವಿನಲ್ಲಿ ‘ಪ್ರಿಫರ್ ಪ್ರಾಕ್ಸಿಸ್’. ರೆಸಲ್ಯೂಶನ್, ಕೊಡೆಕ್ (ವಿಡಿಯೋ ಅಡಕ ಮಾಡುವ ವಿಧಾನ) ಎರಡನ್ನೂ ಮೊದಲೇ ಪ್ರಾಜೆಕ್ಟ್ ಸೆಟ್ಟಿಂಗ್ಸ್‌ನ ಮಾಸ್ಟರ್ ಸೆಟ್ಟಿಂಗ್ಸ್‌ನಲ್ಲಿ ಆರಿಸಿಡಿ. ವಿಂಡೋಸ್‌ನಲ್ಲಿ ಡಿಎನ್‌ಎಕ್ಸ್‌ಎಚ್‌ಆರ್ ಎಲ್‌ಬಿ ಎಂಬ ಕೊಡೆಕ್ ನಿಶ್ಚಿಂತೆಯ ಆಯ್ಕೆ. ಜಾಗ ಉಳಿಯಲೆಂದು ಪ್ರಾಕ್ಸಿಯನ್ನೂ ಎಚ್.264ರಲ್ಲೇ ಮಾಡಬಹುದು, ಆದರೆ ಹಳೆಯ ಯಂತ್ರದಲ್ಲಿ ಮೂರು ಕ್ಯಾಮೆರಾದ ಮಲ್ಟಿಕ್ಯಾಮ್ ಓಡಿಸುವಾಗ ಮತ್ತೆ ಅದೇ ಬಿಚ್ಚುವ ತೊಂದರೆ ಎದುರಾಗುತ್ತದೆ.

ಪ್ರಾಕ್ಸಿ ಮಾಡಲು ಹೊತ್ತು ಹಿಡಿಯುತ್ತದೆ, ಅದರಲ್ಲೂ ಬಿಚ್ಚಲಿಕ್ಕೇ ಕಷ್ಟಪಡುವ ಯಂತ್ರದಲ್ಲಿ. ಐದು ನಿಮಿಷದ ಒಂದು ತುಣುಕಿಗೆ ಮಾಡಿ, ಹಿಡಿದ ಸಮಯ ಗುಣಿಸಿ ಅಂದಾಜು ಹಾಕಿ. ರಾತ್ರಿ ಹಚ್ಚಿಟ್ಟು ಮಲಗುವುದಾದರೆ ವಿಂಡೋಸಿನ ಸ್ಲೀಪ್ ಸೆಟ್ಟಿಂಗ್ ‘ನೆವರ್’ ಮಾಡಿ. ಮಳೆಗಾಲವಾದರೆ ಇನ್ನೊಂದು ಲೆಕ್ಕ: ಗಾಳಿಮಳೆಗೆ ಕರೆಂಟ್ ಹೋದಾಗ ಅರ್ಧ ಬರೆದ ಪ್ರಾಕ್ಸಿ ಫೈಲ್ ಹಾಗೇ ಉಳಿಯುತ್ತದೆ. ಬೆಳಿಗ್ಗೆ ಅದರ ಅವಧಿಯನ್ನು ಮೂಲದ ಅವಧಿಯೊಡನೆ ಹೋಲಿಸಿ, ಕಡಿಮೆಯಿದ್ದುದನ್ನು ಅಳಿಸಿ ಮತ್ತೆ ಮಾಡಿ. ಡೆಸ್ಕ್‌ಟಾಪಿಗೆ ಹಾಕಿರುವ 600 ವಿಎ ಯುಪಿಎಸ್ ಹೆಚ್ಚೆಂದರೆ 360 ವಾಟಿನದು. ಶಟ್‌ಡೌನ್ ಮಾಡಲು ಸಾಕು, ಗ್ರಾಫಿಕ್ಸ್ ಕಾರ್ಡ್ ದುಡಿಯುತ್ತಿರುವಾಗ ಎನ್‌ಕೋಡಿಂಗ್ ಎಳೆದುಕೊಂಡು ಹೋಗಲು ಅಲ್ಲ.

ಪ್ರಾಕ್ಸಿ ಕೈಕೊಡುವ ಜಾಗಗಳು ಕೆಲವಿವೆ, ಮೊದಲೇ ತಿಳಿದಿದ್ದರೆ ಒಳ್ಳೆಯದು. ಕ್ಯಾಮೆರಾ ಪ್ರತಿ ಕಾರ್ಡಿನಲ್ಲೂ ‘ಸಿ0001’ ಎಂದೇ ಎಣಿಕೆ ಶುರು ಮಾಡಿದರೆ ಎರಡು ಕಾರ್ಡಿನ ಫೈಲಿಗೆ ಒಂದೇ ಹೆಸರು. ಆಗ ರಂಗದ ಮೇಲಿನ ಒಡ್ಡೋಲಗದ ಕ್ಲಿಪ್ಪಿಗೆ ಚೌಕಿಯಲ್ಲಿ (ಬಣ್ಣದ ಮನೆಯಲ್ಲಿ) ಬಣ್ಣ ಹಚ್ಚುತ್ತಿರುವ ಪ್ರಾಕ್ಸಿ ಅಂಟಿಕೊಳ್ಳುವ ಸಾಧ್ಯತೆಯಿದೆ. ಇಂಪೋರ್ಟ್ ಮಾಡುವ ಮೊದಲೇ ಕ್ಯಾಮೆರಾ, ಕಾರ್ಡ್ ಗುರುತು ಸೇರಿಸಿ ಹೆಸರು ಬದಲಿಸಿ. ಬೇರೆ ತಂತ್ರಾಂಶದಲ್ಲಿ ಪ್ರಾಕ್ಸಿ ಮಾಡಿ ಪ್ರೀಮಿಯರಿಗೆ ಜೋಡಿಸುವುದಾದರೆ ಆಡಿಯೋ ಚಾನೆಲ್‌ಗಳ ಸಂಖ್ಯೆ ಮೂಲದಷ್ಟೇ ಇರಬೇಕು, ಇಲ್ಲವಾದರೆ ಅದು ಜೋಡಿಸಿಕೊಳ್ಳುವುದಿಲ್ಲ. ಫ್ರೇಮ್ ದರವೂ ಅಷ್ಟೇ. ಇನ್ನು ಫೋಕಸ್: 720ಪಿಯಲ್ಲಿ ಎಲ್ಲ ಮುಖವೂ ಚೂಪಾಗಿಯೇ ಕಾಣುತ್ತದೆ. ವೇಷಧಾರಿಯ ಹಣೆಯ ನಾಮದ ಅಂಚು ಮೂಲದಲ್ಲಿ ಮಸುಕಾಗಿದ್ದರೆ ಪ್ರಾಕ್ಸಿಯಲ್ಲಿ ಗೊತ್ತಾಗದು, ಹಾಗಾಗಿ ಹತ್ತಿರದ ಶಾಟ್ ಆರಿಸುವಾಗ ಒಮ್ಮೆ ಟಾಗಲ್ ಒತ್ತಿ ನೋಡಿ. ಸ್ಟೆಬಿಲೈಸೇಶನ್, ಗ್ರೀನ್ ಸ್ಕ್ರೀನ್, ನಾಯ್ಸ್ ತೆಗೆಯುವುದು ಎಲ್ಲವನ್ನೂ ಮೂಲದ ಮೇಲೆಯೇ ಮಾಡಬೇಕು. ಎಕ್ಸ್‌ಪೋರ್ಟ್ ಮಾಡುವಾಗ ‘ಯೂಸ್ ಪ್ರಾಕ್ಸಿಸ್’ ಅಥವಾ ‘ಯೂಸ್ ಪ್ರಾಕ್ಸಿ ಮೀಡಿಯಾ’ ಚೌಕ ಖಾಲಿಯಿದೆಯೇ ನೋಡುವುದು ಕೊನೆಯ ಕೆಲಸ.

ಇಡೀ ಫೈಲನ್ನೇ ಬದಲಿಸುವುದು

ರಿಸಾಲ್ವ್‌ನ ಆಪ್ಟಿಮೈಸ್ಡ್ ಮೀಡಿಯಾ, ಪ್ರೀಮಿಯರಿನ ಇಂಜೆಸ್ಟ್‌ನಲ್ಲಿರುವ ಟ್ರಾನ್ಸ್‌ಕೋಡ್, ಇಲ್ಲವೇ ಶಟರ್ ಎನ್‌ಕೋಡರ್ ಎಂಬ ಹೊರಗಿನ ತಂತ್ರಾಂಶ. ಸುಲಭವಾಗಿ ಬಿಚ್ಚುವ ಪ್ರೋರೆಸ್ ಅಥವಾ ಡಿಎನ್‌ಎಕ್ಸ್‌ಎಚ್‌ಆರ್‌ಗೆ ಪೂರ್ತಿ ಗಾತ್ರದಲ್ಲಿ ಬದಲಿಸಿದರೆ ಕತ್ತರಿಸುವುದು, ಕಲರ್ ಎರಡೂ ಒಂದೇ ಫೈಲಿನ ಮೇಲೆ ನಡೆಯುತ್ತದೆ. ಪ್ರಾಕ್ಸಿ–ಮೂಲ ಎಂಬ ಗೋಜಲಿಲ್ಲ. ಕಾಳಿ ನದಿ ಕಡಲು ಸೇರುವಲ್ಲಿ ಡ್ರೋನ್ ಹಾರಿಸಿ ತೆಗೆದ 20 ನಿಮಿಷದ ಫುಟೇಜಿನಿಂದ ಎರಡು ನಿಮಿಷದ ಜಾಹೀರಾತು ಮಾಡುವುದಿದ್ದರೆ ಇದೇ ಒಳ್ಳೆಯ ದಾರಿ. 4ಕೆ ಪ್ರೋರೆಸ್ 422ರಲ್ಲಿ 20 ನಿಮಿಷಕ್ಕೆ ಸುಮಾರು 75 ಜಿಬಿ, ಒಂದು ಎಸ್‌ಎಸ್‌ಡಿಯಲ್ಲಿ ಧಾರಾಳವಾಗಿ ಕೂರುತ್ತದೆ.

ಆದರೆ ಈ ದಾರಿ ಪ್ರೊಸೆಸರಿನ ಭಾರವನ್ನು ಡಿಸ್ಕಿನ ಮೇಲೆ ಹೊರಿಸುತ್ತದೆ. ಆ ಫೈಲ್ ಸೆಕೆಂಡಿಗೆ ಸುಮಾರು 61 ಎಂಬಿ ಬೇಡುತ್ತದೆ. ಎರಡು ಕ್ಯಾಮೆರಾ ಒಟ್ಟಿಗೆ ಓಡಿದರೆ 122. ಸಾಧಾರಣ ಪೋರ್ಟಬಲ್ ಹಾರ್ಡ್ ಡಿಸ್ಕ್ ಒಂದೇ ಫೈಲನ್ನು ನೇರವಾಗಿ ಓದುವಾಗ ಕೊಡುವುದು 100ರಿಂದ 130 ಎಂಬಿ, ಎರಡು ಫೈಲಿನ ನಡುವೆ ಹಾರಾಡುವಾಗ ಅದಕ್ಕಿಂತ ತೀರಾ ಕಡಿಮೆ. ಅದನ್ನೇ ಹಳೆಯ ಯುಎಸ್‌ಬಿ 2.0 ಪೋರ್ಟಿಗೆ ಚುಚ್ಚಿದ್ದರೆ 40 ಎಂಬಿ ದಾಟುವುದೂ ಕಷ್ಟ. ಟ್ರಾನ್ಸ್‌ಕೋಡ್ ಮಾಡಿದ ಮೇಲೆ ಮೊದಲಿಗಿಂತ ಹೆಚ್ಚು ಸ್ಟಕ್ ಆಗುತ್ತಿದೆ ಎಂಬ ದೂರಿನ ಹಿಂದೆ ಹೆಚ್ಚಾಗಿ ಇದೇ ಇರುತ್ತದೆ. ಹಾರ್ಡ್ ಡಿಸ್ಕ್ ಮಾತ್ರ ಇರುವವರು ಇದಕ್ಕೆ ಕೈಹಾಕಬಾರದು.

ರೆಂಡರ್ ಕ್ಯಾಶ್

ಬರೀ ಕ್ಲಿಪ್ ಓಡುತ್ತದೆ, ಎಫೆಕ್ಟ್ ಹಾಕಿದ್ದು ಓಡುವುದಿಲ್ಲ ಎಂದಾದರೆ ಪ್ರಾಕ್ಸಿಯ ಹಿಂದೆ ಬೀಳಬೇಡಿ. ರಿಸಾಲ್ವ್‌ನಲ್ಲಿ ಎಫೆಕ್ಟಿನ ಲೆಕ್ಕ ನಡೆಯುವುದು ಟೈಮ್‌ಲೈನಿನ ರೆಸಲ್ಯೂಶನ್ನಿನಲ್ಲಿ. ಪ್ರಾಕ್ಸಿ ಸಣ್ಣದಾದರೂ ಟೈಮ್‌ಲೈನ್ 4ಕೆ ಇದ್ದರೆ ಭಾರ ಹಾಗೇ ಇರುತ್ತದೆ. ಟೈಮ್‌ಲೈನನ್ನು 1080ಪಿಗೆ ಇಳಿಸಿ ಕೆಲಸ ಮಾಡಿ, ಎಕ್ಸ್‌ಪೋರ್ಟಿಗೆ ಮೊದಲು 2160ಕ್ಕೆ ಏರಿಸುವುದು ಉಚಿತ ಉಪಾಯ. ಜಿಪಿಯು ಮೆಮೊರಿ ತುಂಬಿದೆ ಎಂಬ ಎಚ್ಚರಿಕೆ ಬರುವ 4 ಜಿಬಿ ಕಾರ್ಡಿನವರಿಗೂ ಇದರಿಂದ ಉಸಿರಾಡಲು ಜಾಗ ಸಿಗುತ್ತದೆ.

ಅದಾದ ಮೇಲೂ ಉಳಿದದ್ದಕ್ಕೆ ಕ್ಯಾಶ್, ಅಂದರೆ ಎಫೆಕ್ಟಿನ ಲೆಕ್ಕವನ್ನು ಮೊದಲೇ ಮಾಡಿ ಡಿಸ್ಕಿನಲ್ಲಿ ಇಟ್ಟುಕೊಳ್ಳುವುದು. ರಿಸಾಲ್ವ್‌ನಲ್ಲಿ ಪ್ಲೇಬ್ಯಾಕ್, ರೆಂಡರ್ ಕ್ಯಾಶ್, ಸ್ಮಾರ್ಟ್. ಕೀಬೋರ್ಡ್ ಬಿಟ್ಟು ಕೆಲವು ಸೆಕೆಂಡ್ ಸುಮ್ಮನಿದ್ದರೆ ಟೈಮ್‌ಲೈನಿನ ಮೇಲಿನ ಕೆಂಪು ಗೆರೆ ನಿಧಾನಕ್ಕೆ ನೀಲಿಯಾಗುತ್ತದೆ. ನೀಲಿಯಾದ ಭಾಗ ಸರಾಗ. ಪ್ರೀಮಿಯರ್‌ನಲ್ಲಿ ಇನ್–ಔಟ್ ಗುರುತು ಹಾಕಿ ಎಂಟರ್ ಒತ್ತಿದರೆ ಕೆಂಪು ಪಟ್ಟಿ ಹಸಿರಾಗುತ್ತದೆ. ಹಳದಿ ಇದ್ದರೆ ರೆಂಡರ್ ಮಾಡದೆಯೂ ಓಡೀತು.

ಕ್ಯಾಶಿನ ದೌರ್ಬಲ್ಯವೆಂದರೆ ಬಣ್ಣ ಒಂದಿಷ್ಟು ತಿರುಗಿಸಿದರೂ ಮಾಡಿದ್ದೆಲ್ಲ ವ್ಯರ್ಥ, ಮತ್ತೆ ಮೊದಲಿನಿಂದ. ಗ್ಯಾಸ್‌ಲೈಟ್, ಟ್ಯೂಬ್‌ಲೈಟ್ ಬೆಳಕಿನ ಹಳೆಯ ಆಟದ ಟೇಪುಗಳಿಗೆ ನಾಯ್ಸ್ ರಿಡಕ್ಷನ್ ಹಾಕುವವರು ರಿಸಾಲ್ವ್‌ನ ಮೊದಲ ನೋಡ್‌ನಲ್ಲೇ (ಎಫೆಕ್ಟುಗಳ ಸರಣಿಯ ಮೊದಲ ಹಂತದಲ್ಲೇ) ಅದನ್ನಿಟ್ಟು, ಆ ನೋಡ್‌ಗೆ ರೈಟ್ ಕ್ಲಿಕ್ ಮಾಡಿ ನೋಡ್ ಕ್ಯಾಶ್ ಆನ್ ಮಾಡಲಿ. ಮುಂದಿನ ನೋಡ್‌ಗಳಲ್ಲಿ ಎಷ್ಟು ಬಣ್ಣ ಬದಲಿಸಿದರೂ ಮೊದಲಿನದನ್ನು ಮತ್ತೆ ಲೆಕ್ಕ ಮಾಡುವುದಿಲ್ಲ. ಎಂಟು ಗಂಟೆಯ ಟೈಮ್‌ಲೈನಿಗೆ ಕತ್ತರಿಸುವ ಮೊದಲೇ ಉದ್ದಕ್ಕೂ ಅಡ್ಜಸ್ಟ್‌ಮೆಂಟ್ ಲೇಯರ್ (ಕೆಳಗಿನ ಕ್ಲಿಪ್‌ಗಳಿಗೆಲ್ಲ ಎಫೆಕ್ಟ್ ಹಾಕುವ ಪದರ) ಎಳೆದಿಡುವ ಅಭ್ಯಾಸ ಬಿಟ್ಟರೆ ಅರ್ಧ ಜನರಿಗೆ ಕ್ಯಾಶೇ ಬೇಕಾಗುವುದಿಲ್ಲ.

ದುಡ್ಡು ಹಾಕುವುದಾದರೆ ಎಲ್ಲಿ

ಮೊದಲು ಎಸ್‌ಎಸ್‌ಡಿ. ಸಾಟಾ ಎಸ್‌ಎಸ್‌ಡಿಯೇ ಸೆಕೆಂಡಿಗೆ 500 ಎಂಬಿ ಆಸುಪಾಸು ಕೊಡುತ್ತದೆ, ಪ್ರಾಕ್ಸಿ, ಕ್ಯಾಶ್ ಎರಡಕ್ಕೂ ಸಾಕು. ಮೂಲ ಫೈಲ್ ಹಾರ್ಡ್ ಡಿಸ್ಕಿನಲ್ಲೇ ಇರಲಿ. ಎರಡೂ ತಂತ್ರಾಂಶಗಳು ಸಾಮಾನ್ಯವಾಗಿ ಸಿ ಡ್ರೈವಿನಲ್ಲೇ ಕ್ಯಾಶ್ ಇಡುತ್ತವೆ. ಸಿ ಡ್ರೈವ್ ತುಂಬಿ ಇಡೀ ವಿಂಡೋಸ್ ನಿಧಾನವಾಗಿದ್ದನ್ನು ಎಡಿಟಿಂಗ್ ತಂತ್ರಾಂಶದ ತಪ್ಪೆಂದು ಭಾವಿಸುವವರು ಬಹಳ. ಮುಗಿದ ಕೆಲಸದ ಕ್ಯಾಶ್ ಅಳಿಸಿ.

ಎರಡನೆಯದು ರ್‍ಯಾಮ್. ಎಡಿಟ್ ಮಾಡುವಾಗ ಟಾಸ್ಕ್ ಮ್ಯಾನೇಜರಿನಲ್ಲಿ ಮೆಮೊರಿ 90 ಪ್ರತಿಶತ ದಾಟುತ್ತಿದ್ದರೆ ಮಾತ್ರ. ಎಚ್‌ಡಿ ಕೆಲಸಕ್ಕೆ 16 ಜಿಬಿ, 4ಕೆಗೆ 32. 16ರ ಒಂದೇ ಕಡ್ಡಿಗಿಂತ 8ರ ಎರಡು ಒಳ್ಳೆಯದು, ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಲ್ಯಾಪ್‌ಟಾಪಿನಲ್ಲಂತೂ ಖಂಡಿತ, ಯಾಕೆಂದರೆ ಒಳಗಿನ ಗ್ರಾಫಿಕ್ಸ್ ಅದೇ ರ್‍ಯಾಮನ್ನು ಹಂಚಿಕೊಳ್ಳುತ್ತದೆ.

ಅದಕ್ಕೂ ಮೊದಲು ಬಿಟ್ಟಿ ಕೆಲಸಗಳಿವೆ. ಫ್ಯಾನ್ ಬಿಚ್ಚಿಸಿ ಧೂಳು ತೆಗೆಸಿ, ಥರ್ಮಲ್ ಪೇಸ್ಟ್ ಹೊಸದು ಹಾಕಿಸಿದರೆ ಖರ್ಚು ಅಲ್ಪ. ಕಡಲಿಗೆ ಹತ್ತಿರವಿರುವ ಕಾರವಾರ, ಅಂಕೋಲಾದವರು ರ್‍ಯಾಮಿನ ಚಿನ್ನದ ಬಣ್ಣದ ತುದಿಗಳನ್ನೂ ಆಗ ಒರೆಸಿಸಲಿ, ಉಪ್ಪುಗಾಳಿ ಅಲ್ಲಿ ಕಿಲುಬು ಹಿಡಿಸುತ್ತದೆ. ಲ್ಯಾಪ್‌ಟಾಪನ್ನು ಚಾರ್ಜರ್ ಹಾಕದೆ ಬ್ಯಾಟರಿಯಲ್ಲಿ ಓಡಿಸಿದರೆ ವೇಗ ತಾನಾಗಿಯೇ ಇಳಿಯುತ್ತದೆ. ಪ್ರೀಮಿಯರಿನ ಪ್ರಾಜೆಕ್ಟ್ ಸೆಟ್ಟಿಂಗ್ಸ್‌ನ ಜನರಲ್‌ನಲ್ಲಿ ‘ಸಾಫ್ಟ್‌ವೇರ್ ಓನ್ಲಿ’ ಎಂದಿದ್ದರೆ ಜಿಪಿಯು ಆಕ್ಸಿಲರೇಶನ್ ಆರಿಸಿ. ಆಡಿಯೋ ಹಾರ್ಡ್‌ವೇರ್ ಪ್ರಿಫರೆನ್ಸ್‌ನಲ್ಲಿ ಇನ್‌ಪುಟ್ ‘ನೋ ಇನ್‌ಪುಟ್’ ಮಾಡಿ. ಎಷ್ಟೋ ಸಲ ಪ್ಲೇ ಒತ್ತಿದಾಗ ಚಿತ್ರ ಹೆಪ್ಪುಗಟ್ಟುವುದು ಮೈಕ್ ಹುಡುಕುತ್ತಾ ಕೂತಿದ್ದಕ್ಕೆ.

ಗ್ರಾಫಿಕ್ಸ್ ಕಾರ್ಡ್ ಕೊನೆಗೆ. ರಿಸಾಲ್ವ್‌ನಲ್ಲಿ ಕಲರ್ ಮತ್ತು ನಾಯ್ಸ್ ರಿಡಕ್ಷನ್ನೇ ದಿನನಿತ್ಯದ ಕೆಲಸವಾಗಿದ್ದರೆ ತೆಗೆದುಕೊಳ್ಳಿ, ಕತ್ತರಿಸಿ ಜೋಡಿಸಿ ಹಾಡು ಹಾಕುವವರಿಗೆ ಬೇಡ.

ಶೂಟಿಂಗಿನಲ್ಲೇ ತಪ್ಪಿಸಬಹುದಾದದ್ದು

ಆಟವನ್ನೋ ತಾಳಮದ್ದಳೆಯನ್ನೋ ಯೂಟ್ಯೂಬಿಗೆ 1080ಪಿಯಲ್ಲೇ ಹಾಕುವುದಾದರೆ ಇಡೀ ರಾತ್ರಿ 4ಕೆ 10 ಬಿಟ್ ತೆಗೆಯುವ ಅಗತ್ಯವೇನು? ರಂಗಸ್ಥಳದ ನೇರ ಕ್ಯಾಮೆರಾವನ್ನು 4ಕೆ 8 ಬಿಟ್ ಎಚ್.264ರಲ್ಲಿ ಇಟ್ಟರೆ ಎಡಿಟಿಂಗ್‌ನಲ್ಲಿ ಒಳಕ್ಕೆ ಎಳೆದು ಹತ್ತಿರದ ಶಾಟ್ ಮಾಡಬಹುದು. ಎರಡನೆಯದು 1080ಪಿ ಸಾಕು. ಎರಡೂ 25 ಫ್ರೇಮ್, ಶಟರ್ 1/50. ಇಲ್ಲಿಯ ಕರೆಂಟು 50 ಹರ್ಟ್ಸ್ ಆದ್ದರಿಂದ ದೀಪ ಮಿಣುಕುವುದೂ ಕಡಿಮೆ. ಮದುವೆಯಲ್ಲಿ ಲಾಗ್, 10 ಬಿಟ್ ಬೇಕೆನಿಸಿದರೆ ಧಾರೆಗೆ, ವಧೂವರರ ಹೊರಾಂಗಣದ ಶಾಟ್‌ಗಳಿಗೆ ಇಟ್ಟುಕೊಂಡು, ಊಟದ ಪಂಕ್ತಿಗೂ ಉಡುಗೊರೆ ಕೊಡುವ ಸಾಲಿಗೂ ಮಾಮೂಲಿ ಪ್ರೊಫೈಲ್ ಹಾಕಿ. ಮೊಬೈಲಿನಲ್ಲಿ ತೆಗೆಯುವುದೇ ಆದರೆ ಫ್ರೇಮ್ ದರ ಬದಲಾಗದಂತೆ ಹಿಡಿದಿಡುವ ಕ್ಯಾಮೆರಾ ಆ್ಯಪ್ ಬಳಸಿ, 25ಕ್ಕೆ ಲಾಕ್ ಮಾಡಿ.

ರಿಸಾಲ್ವ್‌ನವರು ಹೊಸ ಪ್ರಾಜೆಕ್ಟ್ ತೆರೆದ ಕೂಡಲೇ, ಒಂದೂ ಕ್ಲಿಪ್ ಎಳೆದು ಹಾಕುವ ಮೊದಲು ಟೈಮ್‌ಲೈನ್ ಫ್ರೇಮ್ ದರವನ್ನು 25 ಮಾಡಿಕೊಳ್ಳಬೇಕು. ಮೀಡಿಯಾ ಒಳಗೆ ಬಂದ ಮೇಲೆ ಪ್ರಾಜೆಕ್ಟಿನ ಆ ಅಂಕೆ ಬದಲಿಸಲು ಬಿಡುವುದಿಲ್ಲ.